ಭಾರದ ಹೊರೆಗೆ ತಕ್ಕ ಟಿಪ್ಪಿಂಗ್ ಟ್ರೇಲರ್ ಆರಿಸುವುದು ಹೇಗೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್ ಉಳುಮೆಗೆ ಎಷ್ಟು ಬೇಕೋ ಸಾಗಾಣಿಕೆಗೂ ಅಷ್ಟೇ ಬೇಕು. ಬೇಸಿಗೆಯಲ್ಲಿ ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಹೊಡೆಯಬೇಕು. ಹೊಗೆಸೊಪ್ಪು ಬೆಳೆಯುವವರು ಬ್ಯಾರನ್ನಿಗೆ ಸೌದೆ ಕೂಡಿಡಬೇಕು. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಭತ್ತ ಮತ್ತು ಕಬ್ಬನ್ನು ಗದ್ದೆಯಿಂದ ರಸ್ತೆಗೆ ತರಬೇಕು. ಇವುಗಳ ನಡುವೆ ಮನೆ ಕಟ್ಟಲು ಮರಳು, ಜಲ್ಲಿ, ಇಟ್ಟಿಗೆಯ ಬಾಡಿಗೆಯೂ ಬರುತ್ತದೆ. ಈ ಎಲ್ಲ ಕೆಲಸಕ್ಕೂ ಒಂದೇ ಟ್ರೇಲರ್ ಸಾಕೆಂದು, ಅದರಲ್ಲಿಯೂ ದೊಡ್ಡ ತೊಟ್ಟಿಯದೇ ಲಾಭವೆಂದು ಭಾವಿಸಿ ಕೊಳ್ಳುವವರು ಹೆಚ್ಚು. ಆದರೆ ತೊಟ್ಟಿಯಲ್ಲಿ ಎಷ್ಟು ಹಿಡಿಸುತ್ತದೆ ಎಂಬುದು ಬೇರೆ, ಟ್ರೇಲರ್ ಎಷ್ಟು ಹೊರಬಲ್ಲದು ಎಂಬುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದಲ್ಲಿ ಅಚ್ಚು ಮುರಿಯುವುದು, ಟೈರು ಸಿಡಿಯುವುದು ಮಾತ್ರವಲ್ಲ, ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿ ಚಾಲಕನ ಪ್ರಾಣವೇ ಹೋಗಬಹುದು.

ಅಳತೆಯಲ್ಲ, ತೂಕ ಮುಖ್ಯ

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್ ಜಾಗವಿರುತ್ತದೆ. ಇದನ್ನು ಅಂಚಿನವರೆಗೆ ತುಂಬಿದಾಗ ಹೊರೆಯ ತೂಕ ಸುಮಾರಾಗಿ ಹೀಗಿರುತ್ತದೆ:

ಭತ್ತ – 2 ಟನ್
ಕೊಟ್ಟಿಗೆ ಗೊಬ್ಬರ – 2 ಟನ್
ಒಣಗಿದ ಕೆರೆಗೋಡು – 4.4 ಟನ್
ಒಣ ಮರಳು – 5.4 ಟನ್
ಹಸಿ ಕೆರೆಗೋಡು – 5.8 ಟನ್

ಗೊಬ್ಬರ ಹೆಚ್ಚು ಹಸಿಯಾಗಿದ್ದರೆ ಅಥವಾ ಮಣ್ಣು ಬೆರೆತಿದ್ದರೆ ತೂಕ ಇನ್ನೂ ಏರುತ್ತದೆ. ಹೀಗೆ 3 ಟನ್ ಹೊರಲು ಮಾಡಿದ ಟ್ರೇಲರ್ ಗೊಬ್ಬರದ ಕಾಲದಲ್ಲಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದೇ ತೊಟ್ಟಿಗೆ ಹಸಿ ಗೋಡನ್ನು ತುಂಬಿದರೆ ಹೊರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕಣ್ಣಿಗೆ ಎರಡೂ ಒಂದೇ ಲೋಡು. ಅಚ್ಚಿಗೆ ಮತ್ತು ಬ್ರೇಕಿಗೆ ಹಾಗಲ್ಲ.

ಇದಕ್ಕೆ ಸುಲಭವಾದ ಉಪಾಯವಿದೆ. ಮೇಲೆ ಹೇಳಿದ ತೊಟ್ಟಿಯಲ್ಲಿ ಪ್ರತಿ ಅಂಗುಲ ಎತ್ತರಕ್ಕೆ 5 ಘನ ಅಡಿ ಸಾಮಾನು ಹಿಡಿಯುತ್ತದೆ. ಒಂದಂಗುಲ ಹಸಿ ಗೋಡಿನ ತೂಕ ಸುಮಾರು 240 ಕಿ.ಗ್ರಾಂ., ಒಣ ಮರಳಿನದು 225 ಕಿ.ಗ್ರಾಂ., ಒಣಗಿದ ಗೋಡಿನದು 185 ಕಿ.ಗ್ರಾಂ., ಕೊಟ್ಟಿಗೆ ಗೊಬ್ಬರದ್ದು 85 ಕಿ.ಗ್ರಾಂ. ಆದ್ದರಿಂದ 3 ಟನ್ನಿನ ಟ್ರೇಲರಿಗೆ ಹಸಿ ಗೋಡನ್ನು 12 ಅಂಗುಲಕ್ಕೆ, ಮರಳನ್ನು 13 ಅಂಗುಲಕ್ಕೆ, ಒಣಗಿದ ಗೋಡನ್ನು 16 ಅಂಗುಲಕ್ಕೆ ನಿಲ್ಲಿಸತಕ್ಕದ್ದು. ತೊಟ್ಟಿಯ ಒಳಬದಿಯಲ್ಲಿ ಈ ಎತ್ತರಗಳಿಗೆ ಬಣ್ಣದ ಗೆರೆ ಎಳೆದಿಟ್ಟರೆ ತುಂಬುವ ಆಳಿಗೂ, ಜೆ.ಸಿ.ಬಿ. ನಡೆಸುವವನಿಗೂ ಪ್ರತಿ ಸಲ ಹೇಳಬೇಕಾಗಿಲ್ಲ. ಒಮ್ಮೆ ಗೆರೆಯವರೆಗೆ ತುಂಬಿ ವೇಬ್ರಿಡ್ಜಿನಲ್ಲಿ ತೂಗಿಸಿದರೆ ನಿಮ್ಮ ಊರಿನ ಮಣ್ಣಿಗೆ ಗೆರೆ ಎಲ್ಲಿರಬೇಕೆಂಬುದು ಖಚಿತವಾಗುತ್ತದೆ.

ಕೊಳ್ಳುವಾಗ ಮಾರುವವರು "ಇದು 5 ಟನ್ ಟ್ರೇಲರ್" ಎಂದರೆ, ಅದು ಹೊರೆಯ ತೂಕವೋ ಅಥವಾ ಟ್ರೇಲರಿನ ಸ್ವಂತ ತೂಕವೂ ಸೇರಿದ ಒಟ್ಟು ತೂಕವೋ ಎಂದು ಕೇಳಿ ತಿಳಿಯಬೇಕು. ಒಟ್ಟು ತೂಕದಿಂದ ಬರಿಯ ಟ್ರೇಲರಿನ ತೂಕವನ್ನು ಕಳೆದಾಗ ಉಳಿಯುವುದೇ ನೀವು ಹೇರಬಹುದಾದ ಹೊರೆ. ನಿಮ್ಮ ಟ್ರ್ಯಾಕ್ಟರ್ ಎಷ್ಟು ತೂಕದ ಟ್ರೇಲರನ್ನು ಎಳೆಯಬಹುದೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಎರಡು ಚಕ್ರವೋ, ನಾಲ್ಕು ಚಕ್ರವೋ?

ಒಂದೇ ಅಚ್ಚಿನ ಎರಡು ಚಕ್ರದ ಟ್ರೇಲರಿನಲ್ಲಿ ಹೊರೆಯ ಒಂದು ಪಾಲು ಮೂಕಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಬೀಳುತ್ತದೆ. ಇದರಿಂದ ಗಾಲಿಗಳಿಗೆ ನೆಲದ ಹಿಡಿತ ಹೆಚ್ಚುತ್ತದೆ. ಕೆಸರಿನಲ್ಲಿ ಜಾರುವುದು ಕಡಿಮೆಯಾಗುತ್ತದೆ. ಇಕ್ಕಟ್ಟಾದ ಓಣಿ, ಹಿತ್ತಿಲು ಮತ್ತು ನಾಲೆಯ ಪಕ್ಕದ ದಾರಿಗಳಲ್ಲಿ ಹಿಂದಕ್ಕೆ ತಿರುಗಿಸುವುದೂ ಸುಲಭ. ಆದರೆ ಹೊರೆಯನ್ನು ಮುಂದಕ್ಕೆ ಹೆಚ್ಚಾಗಿ ಹೇರಿದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರವಾಗಿ ಸ್ಟೇರಿಂಗ್ ಕೇಳುವುದಿಲ್ಲ. ತೀರ ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುತ್ತದೆ. ಎತ್ತಿನ ಗಾಡಿಗೆ ಹೊರೆ ಹೇರುವಾಗ ಮುಂಭಾರ, ಹಿಂಭಾರ ನೋಡುವಂತೆಯೇ ಇಲ್ಲಿಯೂ ನೋಡಬೇಕು.

ಎರಡು ಅಚ್ಚಿನ ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಡಾಂಬರು ರಸ್ತೆಯಲ್ಲಿ, ಸಮನೆಲದಲ್ಲಿ, ದೂರದ ಸಾಗಾಣಿಕೆಗೆ ಇದು ಉತ್ತಮ. ಆದರೆ ಟ್ರ್ಯಾಕ್ಟರಿನ ಹಿಂಗಾಲಿಗೆ ಇದರಿಂದ ಭಾರ ಸಿಗದ ಕಾರಣ ಕೆಸರಿನಲ್ಲಿ ಎಳೆಯುವುದು, ಇಳಿಜಾರಿನಲ್ಲಿ ತಡೆಯುವುದು ಎರಡೂ ಕಷ್ಟ. ಹಿಂದಕ್ಕೆ ನಡೆಸಲು ಹೆಚ್ಚಿನ ಅಭ್ಯಾಸ ಬೇಕು.

ಆದ್ದರಿಂದ ಏರುಪೇರಿನ ಹೊಲಗಳಿರುವ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಗೋಡು, ಗೊಬ್ಬರ ಹೊಡೆಯಲು ಸಾಧಾರಣ ಅಳತೆಯ ಎರಡು ಚಕ್ರದ ಟಿಪ್ಪಿಂಗ್ ಟ್ರೇಲರ್ ಹೊಂದುತ್ತದೆ. ಕೃಷ್ಣರಾಜನಗರದ ಬಯಲಿನಲ್ಲಿ ಕಬ್ಬನ್ನು ರಸ್ತೆಯಲ್ಲಿ ದೂರ ಸಾಗಿಸುವವರು ನಾಲ್ಕು ಚಕ್ರದ್ದನ್ನು ಆರಿಸಬಹುದು. ಕಬ್ಬಿಗೆ ಟಿಪ್ಪಿಂಗ್ ಏರ್ಪಾಡು ಬೇಕೇ ಎಂಬುದನ್ನು ಕಾರ್ಖಾನೆಯಲ್ಲಿ ಇಳಿಸುವ ವಿಧಾನ ನೋಡಿ ನಿರ್ಧರಿಸಬೇಕು.

ಎಳೆಯುವುದಲ್ಲ, ನಿಲ್ಲಿಸುವುದು ಕಷ್ಟ

"ನಮ್ಮ ಟ್ರ್ಯಾಕ್ಟರ್ 6 ಟನ್ನನ್ನೂ ಎಳೆಯುತ್ತದೆ" ಎಂದು ಹೇಳುವವರಿದ್ದಾರೆ. ಸಮರಸ್ತೆಯಲ್ಲಿ ಎಳೆಯಲೂಬಹುದು. ಆದರೆ ಹೊರೆಯ ಮಿತಿಯನ್ನು ಗೊತ್ತು ಮಾಡುವುದು ಎಂಜಿನ್ನಿನ ಅಶ್ವಶಕ್ತಿಯಲ್ಲ, ಬ್ರೇಕು. ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ಬ್ರೇಕಿರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ.

10 ಅಡಿ ಮುಂದೆ ಸಾಗಿದಾಗ 1 ಅಡಿ ಇಳಿಯುವ ದಾರಿಯನ್ನು ನೋಡೋಣ. ಇಂಥ ಇಳಿಜಾರಿನಲ್ಲಿ ಪ್ರತಿ ಟನ್ ತೂಕವೂ ಸುಮಾರು 100 ಕಿ.ಗ್ರಾಂ. ಬಲದಿಂದ ಕೆಳಕ್ಕೆ ನೂಕುತ್ತದೆ. ಟ್ರ್ಯಾಕ್ಟರ್ 2 ಟನ್, ಬರಿ ಟ್ರೇಲರ್ 1.2 ಟನ್, ಹೊರೆ 3 ಟನ್ ಆದರೆ ಒಟ್ಟು 6.2 ಟನ್, ನೂಕುವ ಬಲ 620 ಕಿ.ಗ್ರಾಂ. ತೊಟ್ಟಿ ತುಂಬ ಹಸಿ ಗೋಡು ಹೇರಿದರೆ ಒಟ್ಟು 9 ಟನ್, ನೂಕುವ ಬಲ 900 ಕಿ.ಗ್ರಾಂ. ಒದ್ದೆ ಮಣ್ಣಿನ ದಾರಿಯಲ್ಲಿ ಗಾಲಿಯ ಹಿಡಿತವು ಗಾಲಿಯ ಮೇಲಿರುವ ಭಾರದ ಅರ್ಧಕ್ಕಿಂತಲೂ ಕಡಿಮೆಯಿರುತ್ತದೆ. ಬ್ರೇಕ್ ಎಷ್ಟೇ ಹೊಸದಾಗಿದ್ದರೂ ಗಾಲಿ ನಿಂತು ಟ್ರ್ಯಾಕ್ಟರ್ ಜಾರುತ್ತದೆ. ಹಿಂದಿನ ಟ್ರೇಲರ್ ಪಕ್ಕಕ್ಕೆ ನೂಕಿ ಟ್ರ್ಯಾಕ್ಟರನ್ನು ಮಡಚಿ ಬೀಳಿಸುತ್ತದೆ.

ಆದ್ದರಿಂದ ಟ್ರೇಲರಿಗೇ ಬ್ರೇಕ್ ಇರುವುದನ್ನು ಆರಿಸಬೇಕು. ಸ್ವಲ್ಪ ಹಣ ಹೆಚ್ಚಾದರೂ ಚಿಂತೆಯಿಲ್ಲ. ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನೂ ಜೋಡಿಸಿಕೊಳ್ಳಬೇಕು. ಒಂದೇ ಪೆಡಲ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವುದಾಗಲಿ, ಕ್ಲಚ್ ಒತ್ತಿ ಹಿಡಿಯುವುದಾಗಲಿ ಸಲ್ಲದು. ಟ್ರೇಲರನ್ನು ಯಾವಾಗಲೂ ಕೆಳಗಿನ ಎಳೆಯುವ ಕೊಂಡಿಗೇ ಸಿಕ್ಕಿಸಬೇಕು. ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆ ಮಗುಚಬಹುದು.

ಕೊಳ್ಳುವಾಗ ಪರೀಕ್ಷಿಸಬೇಕಾದ ಭಾಗಗಳು

1. ಅಚ್ಚು ಮತ್ತು ಟೈರು: ಟೈರಿನ ಅಳತೆ ಮತ್ತು ಎಷ್ಟು ಪ್ಲೈ ಎಂಬುದು ಅದರ ಪಕ್ಕದಲ್ಲಿ ನಮೂದಾಗಿರುತ್ತದೆ. ಅದು ಹೊರಬಹುದಾದ ಭಾರವನ್ನು ಮಾರುವವರಿಂದ ತಿಳಿದು ಟ್ರೇಲರಿನ ಒಟ್ಟು ತೂಕಕ್ಕೆ ಹೋಲಿಸಬೇಕು. ಗದ್ದೆಗೆ ಇಳಿಸುವುದಾದರೆ ಅಗಲವಾದ ಟೈರು ಕಡಿಮೆ ಹೂತುಕೊಳ್ಳುತ್ತದೆ. ಭೂಮಿಯೂ ಕಡಿಮೆ ಗಟ್ಟಿಯಾಗುತ್ತದೆ.

2. ಜಾಕಿ: ತೊಟ್ಟಿಯನ್ನು ಎತ್ತುವುದು ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯೇ. 10 ಸೆಂ.ಮೀ. ವ್ಯಾಸದ ಜಾಕಿ 60 ಸೆಂ.ಮೀ. ಮೇಲೇಳಲು ಸುಮಾರು 4.7 ಲೀಟರ್ ಎಣ್ಣೆ ಬೇಕು. ಅಷ್ಟು ಎಣ್ಣೆ ಟ್ರ್ಯಾಕ್ಟರಿನಿಂದ ಹೊರಹೋದಾಗ ಒಳಗೆ ಸಾಕಷ್ಟು ಉಳಿಯುವುದೇ ಎಂದು ನೋಡಬೇಕು. ಹೊಸ ಟ್ರೇಲರ್ ಜೋಡಿಸಿದ ಮೇಲೆ ಎಣ್ಣೆಯ ಮಟ್ಟವನ್ನು ಮತ್ತೆ ಅಳೆಯುವುದನ್ನು ಮರೆಯಬಾರದು. ಪೈಪಿನ ಮೂತಿಗೆ ಮಣ್ಣು ಸೇರದಂತೆ ಮುಚ್ಚಳ ಹಾಕಿಡಬೇಕು.

3. ಛಾಸಿ ಮತ್ತು ತಿರುಗಣೆ: ತೊಟ್ಟಿ ಎದ್ದಾಗ ಹೊರೆಯೆಲ್ಲ ಹಿಂದಿನ ಎರಡು ತಿರುಗಣೆಗಳ ಮೇಲೆ ನಿಲ್ಲುತ್ತದೆ. ಅಲ್ಲಿಯ ಬೆಸುಗೆ ಮತ್ತು ಪಿನ್ನುಗಳು ಬಲವಾಗಿರಬೇಕು. ಗ್ರೀಸ್ ಹಾಕಲು ಅನುಕೂಲವಿರಬೇಕು.

4. ಆಸರೆ ಕಂಬ: ಎತ್ತಿದ ತೊಟ್ಟಿಗೆ ಕೊಡುವ ಕಬ್ಬಿಣದ ಆಸರೆ ಟ್ರೇಲರಿನಲ್ಲಿಯೇ ಇರಬೇಕು. ಇಲ್ಲದಿದ್ದರೆ ಮಾಡಿಸಿಕೊಳ್ಳಬೇಕು.

5. ದೀಪ ಮತ್ತು ದಾಖಲೆ: ಹಿಂದೀಪ ಮತ್ತು ಕೆಂಪು ಪ್ರತಿಫಲಕಗಳಿರಬೇಕು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಟ್ರೇಲರಿಗೂ ನೋಂದಣಿ ಬೇಕು. ವಿಮೆ ಮಾಡಿಸುವಾಗ ಟ್ರ್ಯಾಕ್ಟರಿನೊಡನೆ ಟ್ರೇಲರೂ ಸೇರಿದೆಯೇ ಎಂದು ನೋಡಬೇಕು. ಹೊರೆಯ ಮೇಲೆ ಆಳುಗಳನ್ನು ಕೂರಿಸಿಕೊಂಡು ಹೋಗಲೇಬಾರದು.

ಸುರಿಯುವಾಗ ಎಚ್ಚರಿಕೆ

ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸಮನೆಲದಲ್ಲಿ ನೇರವಾಗಿ ನಿಂತಿರಬೇಕು. ಒಂದು ಗಾಲಿ ಬದುವಿನ ಮೇಲೆ, ಇನ್ನೊಂದು ಹೊಲದಲ್ಲಿ ಇರುವಾಗ ಎತ್ತಿದರೆ ತೊಟ್ಟಿ ಪಕ್ಕಕ್ಕೆ ಉರುಳುತ್ತದೆ. ಹಸಿ ಗೋಡು ತೊಟ್ಟಿಗೆ ಅಂಟಿಕೊಂಡು ಮುಂಭಾಗದಲ್ಲಿಯೇ ನಿಲ್ಲುವುದುಂಟು. ಆಗ ಅಪಾಯ ಇನ್ನೂ ಹೆಚ್ಚು. ಅಂಥ ಸಮಯದಲ್ಲಿ ಟ್ರ್ಯಾಕ್ಟರನ್ನು ಮುಂದಕ್ಕೆ ಹಾರಿಸಿ ನಿಲ್ಲಿಸಿ ಮಣ್ಣು ಉದುರಿಸಬಾರದು. ತೊಟ್ಟಿಯನ್ನು ಇಳಿಸಿ, ಸಲಿಕೆಯಿಂದ ಬಿಡಿಸಿ ಮತ್ತೆ ಎತ್ತಬೇಕು. ಗೋಡನ್ನು ಕೆರೆಯಂಗಳದಲ್ಲಿಯೇ ಕೆಲವು ದಿನ ಒಣಗಲು ಬಿಟ್ಟು ಹೇರಿದರೆ ಅಂಟುವುದಿಲ್ಲ. ಹೊಲಕ್ಕೆ ನೀರನ್ನು ಹೊರುವ ಖರ್ಚೂ ಉಳಿಯುತ್ತದೆ.

10 ಅಡಿ ಉದ್ದದ ತೊಟ್ಟಿಯನ್ನು ಪೂರ್ತಿ ಎತ್ತಿದಾಗ ಅದರ ಮುಂತುದಿ ನೆಲದಿಂದ 12 ಅಡಿ ಎತ್ತರಕ್ಕೆ ಏರುತ್ತದೆ. ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿಗಳು ಜೋತುಬಿದ್ದಿರುವ ಕಡೆ ಸುರಿಯಬಾರದು. ಎತ್ತಿದ ತೊಟ್ಟಿಯ ಕೆಳಗೆ, ಆಸರೆ ಕೊಡದೆ, ಒಂದು ಗಳಿಗೆಯೂ ತಲೆ ಹಾಕಬಾರದು. ಪೈಪ್ ಒಡೆದರೆ ತೊಟ್ಟಿ ಕುಸಿಯಲು ಕ್ಷಣ ಸಾಕು.

ಸ್ವಂತಕ್ಕೋ, ಬಾಡಿಗೆಗೋ?

ಟಿಪ್ಪಿಂಗ್ ಏರ್ಪಾಡಿನಿಂದ ಲಾಭವಿರುವುದು ಗೋಡು, ಗೊಬ್ಬರ, ಮರಳು, ಜಲ್ಲಿಯಂಥ ಬಿಡಿ ಸಾಮಾನಿಗೆ ಮಾತ್ರ. ಹುಲ್ಲು, ಸೌದೆ, ಹಸಿ ಹೊಗೆಸೊಪ್ಪು, ಮೂಟೆಗಳಿಗೆ ಸಾದಾ ಟ್ರೇಲರೇ ಸಾಕು; ಅದು ಅಗ್ಗ, ಹಗುರವೂ ಹೌದು. ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ನಾಲ್ಕು ಎಕರೆಗೆ 12 ಟನ್, ಅಂದರೆ 2 ಟನ್ನಿನ ಆರು ಲೋಡು. ವರ್ಷಕ್ಕೆ ಒಂದೆರಡು ದಿನದ ಈ ಕೆಲಸಕ್ಕಾಗಿ ಸಾಲ ಮಾಡಿ ಟಿಪ್ಪಿಂಗ್ ಟ್ರೇಲರ್ ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದು ಲೇಸು. ನಾಲ್ಕಾರು ರೈತರು ಕೂಡಿ ಕೊಂಡರೂ ಆಗಬಹುದು.

ಬಾಡಿಗೆಗೆ ಓಡಿಸುವವರು ಲೋಡಿಗೆ ಇಷ್ಟೆಂದು ದರ ಹೇಳುವಾಗ ತೊಟ್ಟಿಯ ಗೆರೆಯನ್ನು ತೋರಿಸಿ ಮಾತನಾಡುವುದು ಒಳ್ಳೆಯದು. ಗೆರೆ ಮೀರಿ ತುಂಬಿಸಿಕೊಂಡು ಎರಡು ಲೋಡು ಉಳಿಸಿದೆವೆಂದು ಎಣಿಸುವವರು ಒಂದು ಅಚ್ಚಿನ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೀವದ ಬೆಲೆಗೆ ಲೆಕ್ಕವಿಲ್ಲ. ಮೊದಲು ನಿಮ್ಮ ಹೊರೆ ಯಾವುದು, ಅದರ ತೂಕವೆಷ್ಟು, ದಾರಿಯ ಇಳಿಜಾರು ಎಂಥದು ಎಂದು ತಿಳಿದು, ನಂತರ ಟ್ರೇಲರನ್ನು ಆರಿಸಿರಿ.