ರೀಲ್ ಡಬ್ಬ ಹೊತ್ತ ಜಾವಾ ಮತ್ತೆ ಗುಡುಗಿತು!

‘ಷೋಲೆ’ ನೋಡದ ಗಂಡು ನಮ್ಮ ನಾಡಿನಲ್ಲಿ ಇದ್ದಾನೆಯೆ? ಸೈಡ್‌ಕಾರ್ ಕಟ್ಟಿದ ಮೋಟಾರ್‌ಸೈಕಲ್ಲಿನಲ್ಲಿ ಅಮಿತಾಭ್, ಧರ್ಮೇಂದ್ರ ಹಾಡುತ್ತಾ ಹೋಗುವ ದೃಶ್ಯಕ್ಕೆ ಶಿಳ್ಳೆ ಹೊಡೆಯದವನು ಸಿನಿಮಾ ಪ್ರೇಮಿಯೇ ಅಲ್ಲ! ಆ ಗಾಡಿ ಬಿ.ಎಸ್.ಎ. ಕಂಪನಿಯ ಡಬ್ಲ್ಯೂ.ಎಂ. 20. ಮಾಡೆಲ್ 1942. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಸಿದ 500 ಸಿ.ಸಿ. ಜಾತಿಯದು. ನಂಬರ್ ಎಂ.ವೈ.ಬಿ. 3047. ಅಂದರೆ ನಮ್ಮ ಹಳೇ ಮೈಸೂರು ರಾಜ್ಯದ ನಂಬರ್! 1975ರಲ್ಲಿ ಚಿತ್ರ ತೆರೆ ಕಂಡಿತು. 50 ವರ್ಷದ ಮೇಲೆ, 2025ರ ನವೆಂಬರಿನಲ್ಲಿ, ಗೋವಾ ಚಿತ್ರೋತ್ಸವಕ್ಕೆ ಬಂದವರು ಆ ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಅದು ಹೀರೋ ಗಾಡಿ ಬಿಡಿ. ನಾನು ಹೇಳಹೊರಟಿರುವುದು ಎಕ್ಸ್‌ಟ್ರಾ ಪಾರ್ಟಿನ ಗಾಡಿಯೊಂದರ ಕಥೆ. ಟೈಟಲ್ ಕಾರ್ಡಿನಲ್ಲಿ ಇದರ ಹೆಸರು ಎಂದೂ ಬಂದದ್ದಿಲ್ಲ. ಆದರೆ ಇದು ಕೈಕೊಟ್ಟ ರಾತ್ರಿ ನಮ್ಮೂರ ಟೆಂಟಿನಲ್ಲಿ ಇಂಟರ್‌ವೆಲ್ ಮುಗಿಯುತ್ತಲೇ ಇರಲಿಲ್ಲ!

ನಮ್ಮಮ್ಮನ ದೊಡ್ಡಣ್ಣ, ನನ್ನ ದೊಡ್ಡಮಾವ, ಹಿಂದೆ ರೀಲ್ ಹೊರುತ್ತಿದ್ದವರು. ಒಂದೇ ಪ್ರಿಂಟು, ಎರಡು ಟಾಕೀಸು. ಪಟ್ಟಣದಲ್ಲಿ ಮೊದಲ ರೀಲುಗಳು ಮುಗಿದ ತಕ್ಷಣ ಸುತ್ತಿ, ಡಬ್ಬಕ್ಕೆ ಹಾಕಿ, ಆರು ಮೈಲಿ ದೂರದ ನಮ್ಮೂರ ಟೆಂಟಿಗೆ ತಲುಪಿಸಬೇಕು. 1,000 ಅಡಿಯ ರೀಲು ಪರದೆಯ ಮೇಲೆ ಓಡುವುದು ಸುಮಾರು 11 ನಿಮಿಷ. ಅಷ್ಟರೊಳಗೆ ಮುಂದಿನ ಡಬ್ಬ ಬರದಿದ್ದರೆ ಪರದೆ ಬೆಳ್ಳಗೆ, ಜನ ಕೆಂಪಗೆ! ಆ ಓಟಕ್ಕೆಂದೇ ಮಾವ 1969ರ ಜಾವಾ ಇಟ್ಟುಕೊಂಡಿದ್ದರು. ಹಿಂದಿನ ಸೀಟು ಕಿತ್ತುಹಾಕಿ, ಊರಿನ ಕಮ್ಮಾರನ ಕೈಲಿ ಕಬ್ಬಿಣದ ಕ್ಯಾರಿಯರ್ ಮಾಡಿಸಿ ಬೆಸುಗೆ ಹಾಕಿಸಿದ್ದರು.

ಜಾವಾ ಅಂದರೆ ನಮ್ಮವರಿಗೆ ಬೇರೆಯೇ ಅಭಿಮಾನ. ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಎಂಬಾತ ವಾಂಡರರ್ ಕಂಪನಿಯ ಗಾಡಿ ತಯಾರಿಸುವ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ 1929ರಲ್ಲಿ ಶುರು ಮಾಡಿದ. ಬೆಳೆದದ್ದು ಮಾತ್ರ ನಮ್ಮ ಮೈಸೂರಿನ ಯಾದವಗಿರಿಯಲ್ಲಿ! ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಜಾವಾ, 1973ರಿಂದ ‘ಯೆಜ್ಡಿ’ ಹೆಸರಿನ ಗಾಡಿಗಳು ಹೊರಬಂದವು. 1996ರಲ್ಲಿ ಬೀಗ ಬಿತ್ತು. 2018ರಲ್ಲಿ ಬೇರೆ ಕಂಪನಿಯವರು ಜಾವಾ ಹೆಸರಿನಲ್ಲಿ ಹೊಸ ಗಾಡಿ ಬಿಟ್ಟರು. ಅವು ಚೆನ್ನಾಗಿಯೇ ಇವೆ, ಆದರೆ ಫೋರ್ ಸ್ಟ್ರೋಕ್. ಆ ‘ಡುಗು ಡುಗು’ ಎಲ್ಲಿ ಬರಬೇಕು ಸ್ವಾಮಿ?

ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಪೇಪರಿಗೆ ಬರೆಯಲು ಹೊರಟ ನನಗೆ ಗಾಡಿ ರಿಪೇರಿ ಎಲ್ಲಿಂದ ಬರಬೇಕು? ಕೊಟ್ಟಿಗೆಯಲ್ಲಿ ಹುಲ್ಲಿನಡಿ ಸತ್ತು ಬಿದ್ದಿದ್ದ ಜಾವಾವನ್ನು ಹೊರಗೆಳೆದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಆಸೆ. ಸಿನಿಮಾ ಗಾಡಿ ಮಾಡಬೇಕು! ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ದಪ್ಪ ಟಯರು ಹಾಕಿಸಿ, ಹ್ಯಾಂಡಲ್ ತಗ್ಗಿಸಿ, ಕಡುಗಪ್ಪು ಬಣ್ಣ ಬಳಿಸಿ.... ಗಾಂಧಿನಗರದ ಯಾವ ಹೀರೋ ಆದರೂ ತಿರುಗಿ ನೋಡಬೇಕು! ಸ್ನೇಹಿತರೂ ಅದಕ್ಕೇ ತಾಳ ಹಾಕಿದರು. ಮಾವ ಏನೂ ಹೇಳಲಿಲ್ಲ. ವಯಸ್ಸು 76. ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು ಅಷ್ಟೆ.

ಮೊದಲ ಭಾನುವಾರ ಬಾಡಿಗೆಗೆ ಕಟಿಂಗ್ ಮೆಷಿನ್ ತಂದೆ. ಮೊದಲು ಆ ಕುರೂಪಿ ಕ್ಯಾರಿಯರ್ ಕಿತ್ತೊಗೆಯಬೇಕೆಂದು ಎಡಗಡೆಯ ಕಂಬಿಗೆ ಚಕ್ರ ಇಟ್ಟೆ. ಕಿಡಿ ಹಾರಿತು. ಒಂದು ಕಂಬಿ ತುಂಡಾಗಿ ಬಿತ್ತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮಾವ ಎದ್ದು ಬಂದು ಪ್ಲಗ್ ಕಿತ್ತರು.

“ಸಾಕು ನಿಲ್ಸೋ. ಇನ್ನೊಂದು ಕಡೇನೂ ಕುಯ್ದ್ರೆ ಇದು ಯಾರ್ ಗಾಡಿ ಅಂತ ನಂಗೂ ಗೊತ್ತಾಗಲ್ಲ.”

ಅಷ್ಟೇ ಮಾತು. ಹೋಗಿ ಮತ್ತೆ ಜಗಲಿ ಮೇಲೆ ಕೂತರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮಾರನೆಯ ದಿನ ಆರ್.ಟಿ.ಓ. ಆಫೀಸಿನ ಹತ್ತಿರ ವಿಚಾರಿಸಿದಾಗ ಇನ್ನೊಂದು ವಿಷಯ ತಿಳಿಯಿತು. ಪಡ್ಡೆ ಗೆಳೆಯರೇ, ಇದನ್ನು ನೀವೂ ತಿಳಿದಿರಿ. ಗಾಡಿಯ ಮೂಲ ರಚನೆಯನ್ನು ನಮ್ಮಿಷ್ಟದಂತೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಒಪ್ಪುವುದಿಲ್ಲ. ಅದಲ್ಲದೆ 2021ರಲ್ಲಿ ಬಂದ ನಿಯಮದ ಪ್ರಕಾರ, ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದಿರುವ ಗಾಡಿಗೆ ‘ವಿಂಟೇಜ್’ ಎಂಬ ಮಾನ್ಯತೆ ಸಿಗುತ್ತದೆ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ನಿಜ. ಆದರೆ ಫ್ರೇಮು ಕೊಯ್ದುಬಿಟ್ಟರೆ ಆ ಮಾನವೂ ಇಲ್ಲ! ಮಾವನ ತಗಡಿನ ಪೆಟ್ಟಿಗೆಯಲ್ಲಿ ಆರ್.ಸಿ. ಪುಸ್ತಕ ಸಿಕ್ಕಿತು. ಇಲಿ ಒಂದು ಮೂಲೆ ತಿಂದಿತ್ತು, ನಂಬರ್ ಉಳಿಸಿತ್ತು. ಎಂಜಿನ್ ನಂಬರ್, ಫ್ರೇಮ್ ನಂಬರ್ ಎರಡೂ ತಾಳೆಯಾದವು. ಹಳೇ ಗಾಡಿ ಕೊಳ್ಳುವ ಆಸೆಯಿದ್ದವರು ಬಣ್ಣ ನೋಡುವ ಮುಂಚೆ ಈ ಎರಡು ನಂಬರ್ ನೋಡಿ.

ಸರಿ, ಸಿನಿಮಾ ಗಾಡಿಯ ಕನಸಿಗೆ ‘ಶುಭಂ’ ಹೇಳಿ ಕೆಲಸಕ್ಕೆ ಕೂತೆ.

ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಕಿಕ್ಕರ್ ಅಲ್ಲಾಡದು. ಸುತ್ತಿಗೆ ಹಿಡಿದ ನನ್ನನ್ನು ಮಾವ ತಡೆದು, ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಸುರಿಸಿದರು. ಐದು ದಿನ ನೆನೆಯಲು ಬಿಟ್ಟೆವು. ಆರನೇ ದಿನ ಹೆಡ್ ಬಿಚ್ಚಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ಕದಲಿತು. ಒಳಗೋಡೆ ಗೀರು ಬಿದ್ದಿತ್ತು. ರೀಬೋರ್ ಮಾಡಿಸಿ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸಬೇಕಾಯಿತು. ಅದಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ಸುತ್ತಿದೆ. ಹೊಸ ಜಾವಾ ಬಂದ ಮೇಲೆ ಹಳೇ ಜಾವಾದ ಸಾಮಾನಿಗೆ ಕೇಳುವ ರೇಟು.... ಅಬ್ಬಾ, ಬಂಗಾರದಂಗಡಿಯೇ ವಾಸಿ!

ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕಿನ ಹುಡಿ. ಹಿಡಿಯಷ್ಟು ನಟ್ಟು ಹಾಕಿ, ಸೀಮೆಎಣ್ಣೆ ಸುರಿದು, ನಾನೂ ತಮ್ಮನೂ ಎರಡು ದಿನ ಮಗು ತೂಗಿದಂತೆ ಅಲ್ಲಾಡಿಸಿದೆವು. ಕ್ರೋಮಿಗೆ ಕೊಟ್ಟ ಕಡೆ ಮಾತ್ರ ಮೋಸ ಹೋದೆ. ಅವರು ತಿಕ್ಕಿ ತಿಕ್ಕಿ ತಗಡು ತೆಳ್ಳಗಾಗಿ ಸೂಜಿಮೊನೆಯಷ್ಟು ತೂತಾಯಿತು. ಮತ್ತೆ ಬೆಸುಗೆ, ಮತ್ತೆ ದುಡ್ಡು. ಬಣ್ಣ ಹಳೆಯ ಕುಂಕುಮಗೆಂಪೇ.

ಎಲ್ಲ ಜೋಡಿಸಿದ ದಿನ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಯಿತು! ಆದರೆ ಹೊಗೆ? ಎರಡು ಸೈಲೆನ್ಸರಿನಿಂದಲೂ ಬೆಳ್ಳನೆಯ ಹೊಗೆ ಎದ್ದು ಬೀದಿಗೆ ಬೀದಿಯೇ ಪೌರಾಣಿಕ ಚಿತ್ರದ ದೇವಲೋಕವಾಗಿಬಿಟ್ಟಿತು! ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಲೀಟರಿಗೆ 40 ಮಿಲಿಯಂತೆ ಅಳೆದೇ ಹಾಕಿದ್ದೆ. ಮೆಕ್ಯಾನಿಕ್ ಬಂದು ನೋಡಿ “ಬೋರ್ ಸರಿ ಹೋಗಿಲ್ಲ, ಮತ್ತೆ ಮಾಡಿಸಿ” ಅಂದ. ನನ್ನ ಜೇಬಿನಲ್ಲಿ ಬಸ್ ಚಾರ್ಜಿಗೂ ಕಾಸಿರಲಿಲ್ಲ. ಅಲ್ಲಿಗೇ ಕೈಬಿಟ್ಟು ಗುಜರಿಗೆ ಹಾಕಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ.

ಮಾವ ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿದರು. “ಇದು ಪೆಟ್ರೋಲೆಣ್ಣೆ ವಾಸ್ನೆ ಅಲ್ಲ ಕಣೋ, ಗೇರ್ ಎಣ್ಣೇದು. ಗೇರ್‌ಬಾಕ್ಸ್ ನೋಡು, ಕಮ್ಮಿಯಾಗಿರುತ್ತೆ.” ನೋಡಿದರೆ ಹೌದು! ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲ್ ಒಣಗಿ ಬಿರುಕು ಬಿಟ್ಟು, ಎಂಜಿನ್ ಉಸಿರೆಳೆದಾಗಲೆಲ್ಲ ಆ ಕಡೆಯ ಎಣ್ಣೆಯನ್ನೂ ಹೀರಿ ಸುಡುತ್ತಿತ್ತು. ರೀಬೋರ್ ಬೇಕಿರಲಿಲ್ಲ, ಬೇಕಾದ್ದು ಒಂದು ರಬ್ಬರ್ ಬಳೆ. ಅದಕ್ಕಾಗಿ ಎಂಜಿನ್ನನ್ನು ಮತ್ತೆ ಎರಡು ಹೋಳು ಮಾಡಬೇಕಾಯಿತು ಅನ್ನುವುದು ಬೇರೆ ಮಾತು.

ಪಾಯಿಂಟ್ ಗ್ಯಾಪ್ ಇಡಲು ನಾನು ಗೇಜು ಹುಡುಕುತ್ತಿದ್ದೆ. ಬೇಕಾದ್ದು 0.4 ಮಿಲಿಮೀಟರ್. ಮಾವ ಪೆಟ್ಟಿಗೆಯಿಂದ ಹಳೇ ಪೋಸ್ಟ್‌ಕಾರ್ಡ್ ತೆಗೆದು ಎರಡು ಮಡಿಕೆ ಮಾಡಿ ಪಾಯಿಂಟಿನೊಳಗೆ ತೂರಿಸಿದರು. ಒಮ್ಮೆ ಅಮಾವಾಸ್ಯೆಯ ರಾತ್ರಿ ಹಳ್ಳದ ಏರಿಯ ಮೇಲೆ ಗಾಡಿ ನಿಂತಾಗ ಬೆಂಕಿಪೊಟ್ಟಣದ ಬೆಳಕಿನಲ್ಲಿ ಇದೇ ಉಪಾಯ ಮಾಡಿದ್ದರಂತೆ. ಕ್ಲೈಮ್ಯಾಕ್ಸ್ ಡಬ್ಬ ಬೆನ್ನ ಹಿಂದೆ! ಟೆಂಟಿಗೆ ತಲುಪಿದಾಗ ಒಳಗಿನಿಂದ ಕಲ್ಲು ಬೀಳಲು ಶುರುವಾಗಿತ್ತಂತೆ. “ಹೀರೋ ಬಂದ ಅಂದ್ಕೊಂಡು ನಂಗೇ ಶಿಳ್ಳೆ ಹೊಡುದ್ರು ಕಣೋ” ಎಂದು ಮಾವ ನಕ್ಕರು. ಇಷ್ಟು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಕತ್ತರಿಸಿದ ಕಂಬಿಯನ್ನು ಮತ್ತೆ ಬೆಸೆಸಿದೆ. ಬೆಸುಗೆಯ ಗಂಟು ಬಣ್ಣದಡಿಯೂ ಕಾಣುತ್ತದೆ. ಉಜ್ಜಿ ಸಪಾಟು ಮಾಡುತ್ತೇನೆಂದು ವೆಲ್ಡಿಂಗಿನವನು ಅಂದ. ನಾನೇ ಬೇಡವೆಂದೆ.

ಕಾಗದಪತ್ರವೆಲ್ಲ ಸರಿಯಾದ ಮೇಲೆ ಒಂದು ಭಾನುವಾರ ಗಾಡಿ ಅಂಗಳಕ್ಕೆ ಬಂತು. ಜಾವಾಕ್ಕೆ ಕಿಕ್ಕರೂ ಗೇರೂ ಒಂದೇ ಲಿವರ್. ಹಿಂದಕ್ಕೆ ಮಡಚಿದರೆ ಕಿಕ್ಕರು, ಮುಂದಕ್ಕೆ ತಂದರೆ ಗೇರು. ನಾನು ಕಿಕ್ ಹೊಡೆದು ಸೀಟಿನ ಮೇಲೆ ಕೂರಲು ಹೋದೆ. ಮಾವ ಪಂಚೆ ಎತ್ತಿಕಟ್ಟಿ ನನ್ನ ಭುಜ ಸರಿಸಿ ತಾವೇ ಹತ್ತಿ ಕೂತರು. ಅಮ್ಮ ಒಳಗಿನಿಂದ “ಅಯ್ಯೋ, ಬೇಡ ಕಣಣ್ಣ” ಅಂತ ಕೂಗುತ್ತಲೇ ಇದ್ದಳು. ಹಿಂದೆ ಸೀಟಿಲ್ಲದ ಗಾಡಿ, ಜೊತೆಗೆ ನಾನು ಹೋಗುವಂತೆಯೂ ಇರಲಿಲ್ಲ.

ಬೀದಿಯ ಕೊನೆಯವರೆಗೆ ಅಂದವರು ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ತಮ್ಮ ಸೈಕಲ್ ತೆಗೆದುಕೊಂಡು ಹುಡುಕಲು ಹೊರಟ. ಅಷ್ಟರಲ್ಲಿ ದೂರದಲ್ಲಿ ಡುಗು ಡುಗು.... ಟೆಂಟ್ ಇದ್ದ ಜಾಗಕ್ಕೆ ಹೋಗಿದ್ದರಂತೆ. ಈಗ ಅಲ್ಲಿ ಕಲ್ಯಾಣ ಮಂಟಪ.

ಗಾಡಿ ಸ್ಟ್ಯಾಂಡ್ ಹಾಕಿ, ಪೆಟ್ರೋಲ್ ನಲ್ಲಿ ತಿರುಗಿಸಿ ಬಂದ್ ಮಾಡಿ, ಕ್ಯಾರಿಯರನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿದರು.

“ಬಿಗಿಯಾಗೈತೆ” ಅಂದು ಬೀಡಿ ಹಚ್ಚಿದರು.