ಸ್ಫಟಿಕ ಆಂದೋಲಕವೂ ಆವೃತ್ತಿಯ ಸ್ಥಿರತೆಯೂ

ರಾತ್ರಿಯ ಹೊತ್ತು ಮಧ್ಯಮ ತರಂಗದ ರೇಡಿಯೋ ಕೇಳುವ ಅಭ್ಯಾಸವುಳ್ಳವರಿಗೆ ಒಂದು ಅನುಭವ ಪರಿಚಿತವಾದುದು. ಹಗಲಿನಲ್ಲಿ ಸ್ಪಷ್ಟವಾಗಿದ್ದ ಕೇಂದ್ರದ ಧ್ವನಿ ಕತ್ತಲಾದ ಮೇಲೆ ಏರುತ್ತ ಇಳಿಯುತ್ತ, ಉಸಿರಾಡುವಂತೆ ಕೇಳತೊಡಗುತ್ತದೆ. ಅಯಾನುಮಂಡಲದ ಚಾಂಚಲ್ಯ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವೂ ಉಂಟು. ಅದೇ ಆವೃತ್ತಿಯನ್ನು ಹಂಚಿಕೊಂಡಿರುವ ದೂರದ ಬೇರೊಂದು ಕೇಂದ್ರದ ವಾಹಕ ತರಂಗ ರಾತ್ರಿ ನಮ್ಮವರೆಗೂ ಬಂದು ಇದರೊಡನೆ ಬೆರೆಯುತ್ತದೆ. ಎರಡು ವಾಹಕಗಳಲ್ಲಿ ಒಂದು ಹರ್ಟ್ಸಿನಷ್ಟು, ಎಂದರೆ ಸೆಕೆಂಡಿಗೆ ಒಂದು ಕಂಪನದಷ್ಟು, ಅಂತರವಿದ್ದರೂ ಧ್ವನಿ ಸೆಕೆಂಡಿಗೊಮ್ಮೆ ಏರಿ ಇಳಿಯುವುದು. ಧಾರವಾಡ ಕೇಂದ್ರವನ್ನು ನಮ್ಮಲ್ಲಿ ಅನೇಕರು ಕೇಳಿ ಬೆಳೆದದ್ದು 765 ಕಿಲೋಹರ್ಟ್ಸಿನಲ್ಲಿ. ಇಂಥ ಪ್ರಸಾರಕ್ಕೆ ಅಂತರರಾಷ್ಟ್ರೀಯ ನಿಯಮ ಕೊಡುವ ಸಡಿಲ 10 ಹರ್ಟ್ಸ್ ಮಾತ್ರ. ದಶಲಕ್ಷದಲ್ಲಿ ಸುಮಾರು 13 ಭಾಗ. ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ತಪ್ಪುವ ಗಡಿಯಾರವೂ ಇಷ್ಟೇ ತಪ್ಪುತ್ತದೆ.

ಈ ನಿಯಮವನ್ನು ಕಾಯುವ ಭಾರ ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಒಂದು ಬೆಣಚುಕಲ್ಲಿನ ಬಿಲ್ಲೆಯ ಮೇಲಿದೆ. ಆ ಬಿಲ್ಲೆ ಏನನ್ನು ಕಾಯಬಲ್ಲುದು, ಏನನ್ನು ಕಾಯಲಾರದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಕಳೆದ ವರ್ಷ ನಮ್ಮ ಪ್ರಯೋಗಶಾಲೆಯಲ್ಲಿ ನಡೆದ ಒಂದು ಪ್ರಮಾದವೇ ಈ ಲೇಖನಕ್ಕೆ ಪ್ರೇರಣೆ; ಅದನ್ನು ಮುಂದೆ ಹೇಳುವೆವು.

ಆಂದೋಲಕವೆಂದರೆ ತನ್ನ ಫಲವನ್ನು ತಾನೇ ಮರಳಿ ಉಣ್ಣುವ ವರ್ಧಕ. ವರ್ಧಕದಿಂದ ಹೊರಟ ಸಂಕೇತದ ಒಂದಂಶ ಅನುರಣಿಸುವ ಮಂಡಲವೊಂದನ್ನು ಹಾದು ಮತ್ತೆ ಅದರ ಬಾಯಿಗೇ ಬರುತ್ತದೆ. ಹೀಗೆ ಒಂದು ಸುತ್ತು ಮುಗಿಸಿ ಬಂದ ತರಂಗ ಹೊರಟಾಗಿನ ತರಂಗದೊಡನೆ ಹೆಜ್ಜೆಗೆ ಹೆಜ್ಜೆ ಹೊಂದಿಕೊಂಡರೆ ಮಾತ್ರ ಆಂದೋಲನ ಉಳಿಯುವುದು. ಹೆಜ್ಜೆಯ ಈ ಹೊಂದಿಕೆಗೆ ಪ್ರಾವಸ್ಥೆಯೆಂಬ ಹೆಸರಿದೆ. ವರ್ಧಕವು, ವಾಲ್ವಾಗಲಿ ಟ್ರಾನ್ಸಿಸ್ಟರಾಗಲಿ, ಬಿಸಿಯಾದಾಗಲೂ ವಿದ್ಯುತ್ತಿನ ಒತ್ತಡ ಬದಲಾದಾಗಲೂ ಪ್ರಾವಸ್ಥೆಯನ್ನು ಸ್ವಲ್ಪ ಕದಲಿಸುತ್ತದೆ. ಆಗ ಅನುರಣನ ಮಂಡಲವು ತನ್ನ ಆವೃತ್ತಿಯಿಂದ ಅಷ್ಟಿಷ್ಟು ಸರಿದು ಆ ಕೊರತೆಯನ್ನು ತುಂಬಿಕೊಡಬೇಕಾಗುತ್ತದೆ. ಎಷ್ಟು ಸರಿಯಬೇಕು? ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಉತ್ತರವನ್ನು ನಿರ್ಧರಿಸುವುದು ಮಂಡಲದ ಗುಣಾಂಕ, ಎಂದರೆ ಒಂದು ಕಂಪನದಲ್ಲಿ ಅದು ಕಳೆದುಕೊಳ್ಳುವ ಶಕ್ತಿ ಎಷ್ಟು ಅಲ್ಪವೆಂಬುದರ ಅಳತೆ. ಸುರುಳಿ ಮತ್ತು ಕಂಡೆನ್ಸರುಗಳಿಂದ ಮಾಡಿದ ಮಂಡಲದಲ್ಲಿ ಇದು ನೂರರ ಆಸುಪಾಸಿನಲ್ಲಿರುವುದು ಸಾಮಾನ್ಯ. 10 ಮೆಗಾಹರ್ಟ್ಸಿನ ಆಂದೋಲಕದಲ್ಲಿ ವರ್ಧಕವು ಪ್ರಾವಸ್ಥೆಯನ್ನು ಒಂದೇ ಒಂದು ಡಿಗ್ರಿ ಕದಲಿಸಿತೆನ್ನೋಣ. ಗುಣಾಂಕ 100 ಆಗಿದ್ದರೆ ಆವೃತ್ತಿ ಸುಮಾರು 870 ಹರ್ಟ್ಸ್ ಸರಿಯುತ್ತದೆ. ಅದೇ ಸ್ಥಾನದಲ್ಲಿ 80,000 ಗುಣಾಂಕದ ಸ್ಫಟಿಕವಿದ್ದರೆ ಸರಿಯುವುದು ಸುಮಾರು ಒಂದು ಹರ್ಟ್ಸ್ ಮಾತ್ರ. ಸ್ಫಟಿಕದ ಹಿರಿಮೆ ಇಷ್ಟೆ, ಆದರೆ ಇದು ಸಣ್ಣದಲ್ಲ: ಅದು ವರ್ಧಕದ ದೋಷಗಳನ್ನು ನೀಗುವುದಿಲ್ಲ, ಅವುಗಳಿಗೆ ಕಿವಿಗೊಡುವುದಿಲ್ಲ.

ಕಲ್ಲಿನ ಬಿಲ್ಲೆಯೊಂದು ವಿದ್ಯುನ್ಮಂಡಲದ ಅಂಗವಾಗುವುದು ಹೇಗೆ? ಕ್ವಾರ್ಟ್ಜ್ ಸ್ಫಟಿಕವನ್ನು ಒತ್ತಿದರೆ ಅದರ ಮುಖಗಳಲ್ಲಿ ವಿದ್ಯುದಂಶ ತೋರುವುದನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಪ್ರಕಟಿಸಿದರು. ಮರುವರ್ಷ ಲಿಪ್‌ಮನ್ ಇದರ ವಿಲೋಮವೂ ನಡೆಯಬೇಕೆಂದು ತರ್ಕಿಸಿದನು, ಸೋದರರು ಅದನ್ನೂ ಪ್ರಯೋಗದಿಂದ ದೃಢಪಡಿಸಿದರು. ವಿದ್ಯುತ್ತು ಬಿಲ್ಲೆಯನ್ನು ತಿರುಚುತ್ತದೆ, ತಿರುಚಿದ ಬಿಲ್ಲೆ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಆದುದರಿಂದ ಬಿಲ್ಲೆಯ ಯಾಂತ್ರಿಕ ಕಂಪನವು ಹೊರಗಿನಿಂದ ನೋಡುವವರಿಗೆ ಒಂದು ವಿದ್ಯುತ್ ಅನುರಣನದಂತೆಯೇ ಕಾಣುವುದು. 10 ಮೆಗಾಹರ್ಟ್ಸಿನ ಮಾದರಿ ಬಿಲ್ಲೆಯೊಂದು 0.02 ಪೀಕೋಫ್ಯಾರಡ್ ಧಾರಕತೆ, ಸುಮಾರು 12.7 ಮಿಲಿಹೆನ್ರಿ ಪ್ರೇರಕತೆ, ಹತ್ತು ಓಮ್ ರೋಧ ಇವುಗಳ ಸರಣಿಯಂತೆ ವರ್ತಿಸುತ್ತದೆ. ತಾಮ್ರದ ತಂತಿಯನ್ನು ಸುತ್ತಿ ಇಂಥ ಸುರುಳಿಯನ್ನು ಮಾಡಲು ಹೊರಟವನು ವ್ಯರ್ಥವಾಗಿ ಶ್ರಮಪಟ್ಟಾನು. ಅಷ್ಟು ತಂತಿಗೆ ಅಷ್ಟು ಕಡಮೆ ರೋಧವೂ ಕಡಮೆ ಧಾರಕತೆಯೂ ಇರುವಂತಿಲ್ಲ.

ವಾಲ್ಟರ್ ಕೇಡಿ 1921ರಲ್ಲಿ ಕ್ವಾರ್ಟ್ಜಿನಿಂದ ಆಂದೋಲಕವನ್ನು ನಿಯಂತ್ರಿಸಿದನು. ಪಿಯರ್ಸ್ 1923ರಲ್ಲಿ ಒಂದೇ ವಾಲ್ವಿನ ಸರಳ ಮಂಡಲವನ್ನು ರಚಿಸಿದನು, ಅದರ ಸಂತತಿ ಇಂದಿನ ಗಣಕಯಂತ್ರಗಳಲ್ಲೂ ಉಳಿದಿದೆ. 1927ರಲ್ಲಿ ಮ್ಯಾರಿಸನ್ ಮತ್ತು ಹಾರ್ಟನ್ ಕ್ವಾರ್ಟ್ಜ್ ಗಡಿಯಾರವನ್ನು ನಡೆಸಿ ತೋರಿಸಿದರು. ಇತಿಹಾಸವನ್ನು ಇಷ್ಟಕ್ಕೇ ಬಿಡೋಣ.

ವರ್ಧಕದ ಮಾತಿಗೆ ಕಿವುಡಾದ ಸ್ಫಟಿಕ ಉಷ್ಣತೆಯ ಮಾತಿಗೆ ಕಿವುಡಲ್ಲ. ಆದರೆ ಬಿಲ್ಲೆಯನ್ನು ಕಲ್ಲಿನಿಂದ ಯಾವ ಕೋನದಲ್ಲಿ ಕೊಯ್ದಿದೆ ಎಂಬುದರ ಮೇಲೆ ಉಷ್ಣತೆಯ ಪ್ರಭಾವ ನಿಂತಿದೆ. ಲ್ಯಾಕ್, ವಿಲ್ಲರ್ಡ್ ಮತ್ತು ಫೇರ್ 1934ರಲ್ಲಿ ಪ್ರಕಟಿಸಿದ, ಜಪಾನಿನಲ್ಲಿ ಕೋಗಾ ಸ್ವತಂತ್ರವಾಗಿ ಕಂಡುಕೊಂಡ ‘ಏಟಿ’ ಕೊಯ್ತ ಸ್ಫಟಿಕದ ಮುಖ್ಯಾಕ್ಷಕ್ಕೆ ಸುಮಾರು 35 ಡಿಗ್ರಿ 15 ನಿಮಿಷಗಳ ಕೋನದಲ್ಲಿರುತ್ತದೆ. ಆ ಕೋನದಲ್ಲಿ, ಕೊಠಡಿಯ ಸಾಧಾರಣ ಉಷ್ಣತೆಯ ಆಸುಪಾಸಿನಲ್ಲಿ, ಆವೃತ್ತಿ ಬಹಳ ಮಂದವಾಗಿ ಬದಲಾಗುತ್ತದೆ. ಕೋನದಲ್ಲಿ ಕೆಲವು ನಿಮಿಷಗಳ ಅಂತರವಾದರೂ ವಕ್ರರೇಖೆಯ ಆಕಾರ ಬೇರೆಯಾಗುವುದು. ಕಲ್ಲು ಕೊಯ್ಯುವವನ ಕೈಚಳಕಕ್ಕೆ ರೇಡಿಯೋ ಶಾಸ್ತ್ರ ಎಷ್ಟು ಋಣಿಯೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಕಷ್ಟು ಹೇಳುವುದಿಲ್ಲ. ಇದಕ್ಕೂ ಮೀರಿದ ಸ್ಥಿರತೆ ಬೇಕಾದಾಗ ಬಿಲ್ಲೆಯನ್ನು ಒಂದು ಸಣ್ಣ ಬಿಸಿಪೆಟ್ಟಿಗೆಯಲ್ಲಿ ಇರಿಸಿ, ವಕ್ರರೇಖೆ ತಿರುಗುವ ಬಿಂದುವಿನಲ್ಲೇ ಉಷ್ಣತೆಯನ್ನು ಹಿಡಿದು ನಿಲ್ಲಿಸುತ್ತಾರೆ. ಹಾಗೆ ಬಿಸಿಯಾಗಿರುವ ಸ್ಫಟಿಕವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಹಿಂದಿನ ಆವೃತ್ತಿಗೆ ಸರಿಯಾಗಿ ಮರಳುವುದಿಲ್ಲ. ವಿದ್ಯುತ್ತು ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಉಷ್ಣತೆಯನ್ನು ಕಟ್ಟಿಹಾಕಿದರೂ ಕಾಲವನ್ನು ಕಟ್ಟಿಹಾಕಲಾಗದು. ‘ಏಟಿ’ ಬಿಲ್ಲೆಯ ಆವೃತ್ತಿಯನ್ನು ನಿರ್ಧರಿಸುವುದು ಅದರ ದಪ್ಪ; 10 ಮೆಗಾಹರ್ಟ್ಸಿಗೆ ಇದು ಸುಮಾರು 0.166 ಮಿಲಿಮೀಟರು. ದಪ್ಪದಲ್ಲಿ ದಶಲಕ್ಷದ ಒಂದು ಭಾಗ ವ್ಯತ್ಯಾಸವಾದರೆ ಆವೃತ್ತಿಯಲ್ಲೂ ಅಷ್ಟೇ ಆಗುವುದು. ಆ ಒಂದು ಭಾಗ ಎಷ್ಟು? 1.66 ಆಂಗ್‌ಸ್ಟ್ರಾಮ್. ಕ್ವಾರ್ಟ್ಜಿನೊಳಗೆ ಸಿಲಿಕಾನ್ ಪರಮಾಣುವಿಗೂ ಅದರ ನೆರೆಯ ಆಕ್ಸಿಜನ್ ಪರಮಾಣುವಿಗೂ ಇರುವ ದೂರವೇ ಹೆಚ್ಚುಕಡಮೆ ಇಷ್ಟು! ಎಂದಮೇಲೆ ಮೇಲ್ಮೈಗೆ ತಗಲಿದ ತೇವ, ಬೆರಳಿನ ಜಿಡ್ಡು, ಉದುರುವ ಕಲ್ಲಿನ ಧೂಳು ಇವೆಲ್ಲವೂ ಆವೃತ್ತಿಯ ಲೆಕ್ಕಕ್ಕೆ ಸೇರುವುವೆಂಬುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಈ ಪಾಠ ಕಷ್ಟದಿಂದಲೇ ದೊರೆಯಿತು. ಪುಡಿಯಿಂದ ತಿಕ್ಕಿ ಅಳತೆಗೆ ತಂದ ಬಿಲ್ಲೆಗಳು ಕಾರ್ಖಾನೆಯಲ್ಲಿ ಸರಿಯಾಗಿದ್ದು, ದಾಸ್ತಾನಿನಲ್ಲಿ ಕುಳಿತಲ್ಲೇ ಆವೃತ್ತಿ ಏರಿಸಿಕೊಂಡು ರಣರಂಗದಲ್ಲಿ ಕೈಕೊಟ್ಟವು. ತಿಕ್ಕುವಾಗ ಬಿರಿದ ಮೇಲ್ಪದರ ತೇವದ ದೆಸೆಯಿಂದ ಸಡಿಲವಾಗಿ ಉದುರುತ್ತಿದ್ದುದೇ ಕಾರಣವೆಂದು ತಿಳಿದ ಮೇಲೆ, ಆ ಪದರವನ್ನು ರಾಸಾಯನಿಕದಿಂದ ಕರಗಿಸಿ ತೆಗೆಯುವ ಕ್ರಮ ರೂಢಿಗೆ ಬಂದಿತು.

ಇನ್ನು ನಮ್ಮ ಪ್ರಮಾದದ ವಿಷಯ. ಉಷ್ಣತೆಯ ಪ್ರಭಾವವನ್ನು ಒಳಗೇ ಸರಿದೂಗಿಸಿಕೊಳ್ಳುವ, 10 ಮೆಗಾಹರ್ಟ್ಸಿನ ಆರು ಆಂದೋಲಕಗಳನ್ನು ನಾವು ತರಿಸಿದ್ದೆವು. 10 ಹರ್ಟ್ಸಿಗಿಂತ ಹೆಚ್ಚು ತಪ್ಪುವುದಿಲ್ಲವೆಂಬುದು ಮಾರಿದವರ ಭರವಸೆ. ನಮ್ಮ ಆವೃತ್ತಿಗಣಕಕ್ಕೆ ಜೋಡಿಸಿದಾಗ ಆರೂ ಸುಮಾರು 38 ಹರ್ಟ್ಸ್ ಕಡಮೆ ತೋರಿದವು. ಬೆಳಗಿನಿಂದ ಸಂಜೆಯವರೆಗೆ ಅಳೆದರೂ ಪ್ರತಿಯೊಂದರ ಓದಿಕೆ ಎರಡು ಮೂರು ಹರ್ಟ್ಸಿನಾಚೆ ಕದಲಲಿಲ್ಲ. ಆರೂ ಒಂದೇ ಕಡೆಗೆ ತಪ್ಪುತ್ತಿವೆಯೆಂಬುದು ನಮ್ಮನ್ನು ಎಚ್ಚರಿಸಬೇಕಾಗಿತ್ತು. ಬದಲಾಗಿ ಓದಿಕೆಯ ಸ್ಥಿರತೆಯೇ ನಮ್ಮನ್ನು ಮರುಳುಗೊಳಿಸಿತು. ಸರಕು ದೋಷಯುಕ್ತವೆಂದು ಬರೆದು ಹಿಂದಿರುಗಿಸಿದೆವು. ಉತ್ತರ ವಿನಯದಿಂದಲೇ ಬಂದಿತು. ಗಣಕವನ್ನು ಕೊನೆಯದಾಗಿ ಎಂದು ತಾಳೆ ನೋಡಿದ್ದೀರಿ ಎಂಬ ಒಂದೇ ಪ್ರಶ್ನೆ ಅದರಲ್ಲಿತ್ತು. ದಾಖಲೆ ಹುಡುಕಿದಾಗ ಸಿಕ್ಕಿದ ಚೀಟಿ ಹತ್ತು ವರ್ಷಕ್ಕೂ ಹಿಂದಿನದು.

ಗಣಕವು ಎಣಿಸುವುದು ತನ್ನೊಳಗಿನ ಸ್ಫಟಿಕ ಹೇಳಿದ ಒಂದು ಸೆಕೆಂಡಿನಲ್ಲಿ. ಆ ಸ್ಫಟಿಕ ವರ್ಷಗಳು ಕಳೆದಂತೆ ದಶಲಕ್ಷಕ್ಕೆ 3.8 ಭಾಗ ವೇಗವಾಗಿತ್ತು, ಅದರ ಸೆಕೆಂಡು ಅಷ್ಟು ಬೇಗ ಮುಗಿಯುತ್ತಿತ್ತು, ಎಣಿಕೆ ಅಷ್ಟು ಕಡಮೆಯಾಗುತ್ತಿತ್ತು. ಮೇಲ್ಮೈಯಿಂದ ಏನಾದರೂ ಕಳಚಿತೊ, ಬಿಲ್ಲೆಯನ್ನು ಹಿಡಿದ ಕೊಂಡಿಗಳ ಬಿಗಿತ ಸಡಿಲವಾಯಿತೊ ಹೇಳಲಾರೆವು. ದಪ್ಪದ ಲೆಕ್ಕದಲ್ಲಿ ಇದು ಆರೇಳು ಆಂಗ್‌ಸ್ಟ್ರಾಮ್ ಕಲ್ಲಿಗೆ ಸಮ. ತಂಬೂರಿಯ ಶ್ರುತಿ ಇಳಿದಿದ್ದರೂ ಗಾಯಕನೂ ಪಕ್ಕವಾದ್ಯದವರೂ ಅದಕ್ಕೇ ಹೊಂದಿಕೊಂಡಿದ್ದರೆ ಕಚೇರಿಯಲ್ಲಿ ಅಪಸ್ವರ ಕೇಳುವುದಿಲ್ಲ. ಹೊರಗಿನಿಂದ ಇನ್ನೊಂದು ಶ್ರುತಿ ಬಂದಾಗಲೇ ಅದು ಗೊತ್ತಾಗುವುದು.

ಆ ಹೊರಗಿನ ಶ್ರುತಿ ಇಂದು ಪರಮಾಣುವಿನಿಂದ ಬರುತ್ತದೆ. 1967ರಿಂದ ಸೆಕೆಂಡಿನ ವ್ಯಾಖ್ಯೆ ಸೀಸಿಯಮ್ ಪರಮಾಣುವಿನ ವಿಕಿರಣದ 9,192,631,770 ಆವರ್ತಗಳು. ಸ್ಥಾನನಿರ್ದೇಶಕ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತು ಸುತ್ತುವುದರಿಂದ ಅವುಗಳ ಸಂಕೇತವನ್ನು ಹಿಡಿದು ಸ್ಫಟಿಕವನ್ನು ತಿದ್ದಬಹುದು. ಇಲ್ಲಿ ಸ್ಫಟಿಕಕ್ಕೆ ಕೆಲಸ ತಪ್ಪಿತೆಂದು ತಿಳಿಯಬಾರದು. ಉಪಗ್ರಹದ ಸಂಕೇತ ನಮ್ಮ ಗ್ರಾಹಕಕ್ಕೆ ಬರುವಾಗ ಹತ್ತು ನ್ಯಾನೋಸೆಕೆಂಡಿನಷ್ಟು ಅಲುಗಿದರೂ ಒಂದು ಸೆಕೆಂಡಿನ ಅಳತೆಯಲ್ಲಿ ಹತ್ತುಕೋಟಿಗೆ ಒಂದು ಭಾಗ ತಪ್ಪು. ಒಳ್ಳೆಯ ಸ್ಫಟಿಕ ಅಷ್ಟು ಅಲ್ಪ ಕಾಲದಲ್ಲಿ ಇದಕ್ಕಿಂತ ಬಹಳ ಶಾಂತವಾಗಿರುವುದು. ಅದೇ ಅಲುಗಾಟವನ್ನು ಒಂದು ದಿನದ ಮೇಲೆ ಹಂಚಿದರೆ ತಪ್ಪು ಹತ್ತು ಲಕ್ಷಕೋಟಿಗೆ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಕ್ಷಣಗಳನ್ನು ಸ್ಫಟಿಕಕ್ಕೂ ದಿನಗಳನ್ನು ಉಪಗ್ರಹಕ್ಕೂ ಒಪ್ಪಿಸುವುದೇ ಈ ಉಪಕರಣಗಳ ಹದ.

ಅಂಥದೊಂದು ಮಾನಕವನ್ನು ಈಗ ಪ್ರಯೋಗಶಾಲೆಯಲ್ಲಿ ಸ್ಥಾಪಿಸಿದ್ದೇವೆ. ಗಣಕವನ್ನು ತಿಂಗಳಿಗೊಮ್ಮೆ ಅದರೊಡನೆ ತಾಳೆ ನೋಡಿ ಫಲಿತಾಂಶವನ್ನು ಗಣಕದ ಪಕ್ಕದ ಪುಸ್ತಕದಲ್ಲಿ ಬರೆಯಲಾಗುತ್ತಿದೆ. ಆರು ಆಂದೋಲಕಗಳನ್ನು ಮಾರಿದವರ ಕ್ಷಮೆ ಕೇಳಿ ಮರಳಿ ಪಡೆದೆವು. ಆರೂ ಭರವಸೆಯ ಮಿತಿಯೊಳಗಿವೆ. ಕಳೆದ ವರ್ಷ ಈ ಗಣಕದಿಂದ ಪಡೆದ ಆವೃತ್ತಿಗಳನ್ನು ಬಳಸುವವರು ಅವನ್ನು 1.0000038ರಿಂದ ಗುಣಿಸಿಕೊಳ್ಳಬೇಕಾಗಿ ಕೋರುತ್ತೇವೆ. ಅದಕ್ಕೂ ಹಿಂದಿನ ವರ್ಷಗಳ ಓದಿಕೆಗಳಿಗೆ ಈ ತಿದ್ದುಪಡಿ ಅನ್ವಯಿಸದು, ಏಕೆಂದರೆ ಸ್ಫಟಿಕ ಯಾವ ವರ್ಷ ಎಷ್ಟು ಸರಿಯಿತೆಂಬುದಕ್ಕೆ ದಾಖಲೆಯಿಲ್ಲ. ಒಂದೇ ದಿನ ಪಡೆದ ಓದಿಕೆಗಳನ್ನು ಪರಸ್ಪರ ಹೋಲಿಸುವುದಕ್ಕೆ ಮಾತ್ರ ಅವನ್ನು ಬಳಸಬಹುದು.