ನಿದ್ರೆ ಮಾತ್ರೆಯನ್ನು ಇಳಿಸುವ ಬಗೆ

ಆತಂಕ ತಗ್ಗಲೆಂದೋ ನಿದ್ರೆ ಬರಲೆಂದೋ ವೈದ್ಯರು ಬರೆದುಕೊಡುವ ಅಲ್ಪ್ರಜೋಲಾಂ, ಕ್ಲೊನಜೆಪಾಂ, ಲೊರಜೆಪಾಂ, ಡಯಜೆಪಾಂ ಮಾತ್ರೆಗಳು ಬೆಂಜೊಡಯಜೆಪೀನ್ ಎಂಬ ಒಂದೇ ಕುಲಕ್ಕೆ ಸೇರಿದವು. ಈ ಕುಲದ ಮೊದಲ ಔಷಧವಾದ ಲಿಬ್ರಿಯಂ 1960ರಲ್ಲಿ, ವ್ಯಾಲಿಯಂ 1963ರಲ್ಲಿ ಮಾರುಕಟ್ಟೆಗೆ ಬಂದವು. ಪ್ರಮಾಣ ಮೀರಿದರೆ ಪ್ರಾಣಕ್ಕೇ ಎರವಾಗುತ್ತಿದ್ದ ಹಿಂದಿನ ಬಾರ್ಬಿಟ್ಯುರೇಟ್‌ಗಳಿಗೆ ಹೋಲಿಸಿದರೆ ಇವು ನಿರಪಾಯಕಾರಿ ಎಂಬ ನಂಬಿಕೆ ಆಗ ಬೇರೂರಿತು, ಮತ್ತು ಕೆಲವೇ ವಾರಗಳ ಬಳಕೆಯ ಮಟ್ಟಿಗೆ ಅದು ಇಂದಿಗೂ ಬಹುಪಾಲು ನಿಜ. ಎರಡು ವಾರಕ್ಕೆಂದು ಶುರುವಾದ ಮಾತ್ರೆ ಎರಡು ವರ್ಷವಾದರೂ ದಿಂಬಿನ ಪಕ್ಕದಿಂದ ಕದಲದಿದ್ದಾಗ ತೊಡಕು ಆರಂಭವಾಗುತ್ತದೆ. ಚೀಟಿಯಲ್ಲಿ ಮಾತ್ರೆ ನುಂಗುವ ಹೊತ್ತು ಇರುತ್ತದೆಯೇ ಹೊರತು ಬಿಡುವ ಬಗೆ ಸಾಮಾನ್ಯವಾಗಿ ಇರುವುದಿಲ್ಲ.

ಮಿದುಳಿನಲ್ಲಿ ನರಕೋಶಗಳ ಉದ್ರೇಕವನ್ನು ಹತೋಟಿಯಲ್ಲಿಡುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಈ ಮಾತ್ರೆಗಳು ಹೆಚ್ಚಿಸುತ್ತವೆ. ತಿಂಗಳುಗಟ್ಟಲೆ ಈ ನೆರವು ಸಿಗುತ್ತಲೇ ಇದ್ದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ, ತನ್ನದೇ ಹತೋಟಿಯನ್ನು ಸಡಿಲಿಸಿಕೊಳ್ಳುತ್ತದೆ. ಇದಕ್ಕೆ ದೈಹಿಕ ಅವಲಂಬನೆ ಎಂದು ಹೆಸರು. ವೈದ್ಯರು ಹೇಳಿದಷ್ಟನ್ನೇ ನುಂಗಿದವರಿಗೂ ಇದು ಬರುವುದರಿಂದ ಅವರನ್ನು ಚಟಗಾರರೆಂದು ಕರೆಯುವುದು ಶುದ್ಧ ಅನ್ಯಾಯ. ಮಾತ್ರೆ ಒಮ್ಮೆಲೇ ನಿಂತರೆ ಎದೆ ಡವಗುಟ್ಟುವುದು, ಕೈನಡುಕ, ಬೆವರು, ಗಾಬರಿ ಕಾಣಿಸಿಕೊಂಡು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಹೆಂಡದ ಮೇಲೆ ಬಿಗಿ ಕ್ರಮ ಜರುಗಿದಾಗ, ಹೆಂಡಕ್ಕೆ ಬೆರೆಸುತ್ತಿದ್ದ ಅಲ್ಪ್ರಜೋಲಾಂನಂಥ ಔಷಧಗಳು ಹಠಾತ್ತನೆ ತಪ್ಪಿಹೋಗಿ, ನಿಜಾಮಾಬಾದ್ ಮೊದಲಾದೆಡೆ ನಡುಕ, ಸೆಳವು, ಭ್ರಮೆಗಳಿಂದ ನರಳುವವರು ಗುಂಪುಗುಂಪಾಗಿ ಆಸ್ಪತ್ರೆ ಸೇರಿದ್ದರು.

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವ ಚಿಕಿತ್ಸಾಲಯ ನಡೆಸಿದ ಹೆದರ್ ಆಷ್ಟನ್ ಅವರ ಕೋಷ್ಟಕದಂತೆ 0.5 ಮಿಲಿಗ್ರಾಂ ಅಲ್ಪ್ರಜೋಲಾಂ ಸುಮಾರು 10 ಮಿಲಿಗ್ರಾಂ ಡಯಜೆಪಾಂಗೆ ಸಮ. ಆದ್ದರಿಂದ ‘ಅರ್ಧ ಮಿಲಿಗ್ರಾಂ ತಾನೇ’ ಎಂಬ ಉಡಾಫೆ ಸಲ್ಲದು. ಅಮೆರಿಕದ ತಜ್ಞ ಸಂಸ್ಥೆಗಳು 2025ರಲ್ಲಿ ಹೊರತಂದ ಮಾರ್ಗಸೂಚಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುವುದರಿಂದ ಆರಂಭಿಸಬೇಕೆಂದೂ ಎರಡು ವಾರದಲ್ಲಿ ಶೇ 25ನ್ನು ಮೀರಬಾರದೆಂದೂ ಹೇಳುತ್ತದೆ. ಇದಕ್ಕೆ ಎದುರಾಗಿ ಮನೆಗಳಲ್ಲಿ ನಡೆಯುವುದೆಂದರೆ, ಮಾತ್ರೆಯನ್ನು ನಡುಗೆರೆಯ ಮೇಲೆ ಉಗುರೊತ್ತಿ ಮುರಿದು, ಒಂದು ಹೋಳು ದೊಡ್ಡದಾಗಿ ಇನ್ನೊಂದು ಪುಡಿಯಾಗಿ, ಒಂದೇ ರಾತ್ರಿಗೆ ಶೇ 50ರಷ್ಟು ಇಳಿಸಿಬಿಡುವುದು. ಅಥವಾ ದಿನ ಬಿಟ್ಟು ದಿನ ನುಂಗುವುದು. ಅಲ್ಪ್ರಜೋಲಾಂ ರಕ್ತದಲ್ಲಿ ಸುಮಾರು 11 ಗಂಟೆಗೆ ಅರ್ಧಕ್ಕಿಳಿಯುವುದರಿಂದ, ದಿನ ಬಿಟ್ಟು ದಿನದ ಕ್ರಮವೆಂದರೆ ದಿನ ಬಿಟ್ಟು ದಿನ ಹಠಾತ್ತನೆ ನಿಲ್ಲಿಸಿದಂತೆಯೇ. ಕೆಲವು ವೈದ್ಯರು ರಕ್ತದಲ್ಲಿ ನಿಧಾನವಾಗಿ ಇಳಿಯುವ ಡಯಜೆಪಾಂಗೆ ಮೊದಲು ಬದಲಾಯಿಸಿ ಆಮೇಲೆ ಇಳಿಸುವುದು ಇದೇ ಕಾರಣಕ್ಕೆ. ಕಾಲು ಮಾತ್ರೆಯಿಂದ ಏನೂ ಇಲ್ಲದ ಸ್ಥಿತಿಗೆ ಬರುವ ಕೊನೆಯ ಹಂತ ಬಹುಮಂದಿಗೆ ಅತಿ ಕಷ್ಟದ್ದು. ಆಗ ಕೆಟ್ಟ ನಿದ್ರೆಯನ್ನು ಹಳೆಯ ಕಾಯಿಲೆ ಮರಳಿತೆಂದು ಭಾವಿಸಿ ಮತ್ತೆ ಪೂರ್ಣ ಪ್ರಮಾಣಕ್ಕೆ ಹೋಗುವವರು ಹಲವರು.

ಅಲ್ಪ್ರಜೋಲಾಂ, ಡಯಜೆಪಾಂನಂಥವು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಗೆ ಸೇರಿದ್ದು, ಮಾತ್ರೆಯ ಹಾಳೆಯ ಮೇಲೆ ಕೆಂಪು ಗುರುತಿರುತ್ತದೆ, ಔಷಧ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನೂ ಕೊಟ್ಟ ಪ್ರಮಾಣವನ್ನೂ ಬರೆದು ಮೂರು ವರ್ಷ ಕಾಯ್ದಿಡಬೇಕು. ಈ ಕಟ್ಟುನಿಟ್ಟು ಅಗತ್ಯವೇ. ಆದರೆ ಹೊಸದುರ್ಗದ ಅಥವಾ ಹೊಳಲ್ಕೆರೆಯ ಹಳ್ಳಿಯೊಂದರಲ್ಲಿ ಹಾಳೆ ಖಾಲಿಯಾಗಿ, ಚೀಟಿಯ ಅವಧಿ ಮುಗಿದು, ಜಿಲ್ಲಾಕೇಂದ್ರ ಚಿತ್ರದುರ್ಗಕ್ಕೆ ಹೋಗಲು ಆ ವಾರ ಆಗದಿದ್ದರೆ ಒಮ್ಮೆಲೇ ನಿಂತುಹೋಗುವ ಅಪಾಯವೂ ಅದರಲ್ಲೇ ಇದೆ. ಆದಕಾರಣ ಇಳಿಕೆಯ ತಿಂಗಳುಗಳಲ್ಲಿ ಒಬ್ಬರೇ ವೈದ್ಯರನ್ನು ಕಾಣುವುದು, ಹಾಳೆ ಮುಗಿಯುವ ವಾರದ ಮೊದಲೇ ಹೋಗುವುದು ಮುಖ್ಯ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಚಿತ್ರದುರ್ಗಕ್ಕೂ ಅನ್ವಯಿಸುತ್ತದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ‘ಮನೋಚೈತನ್ಯ’ ರಾಜ್ಯದ ಯೋಜನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಹಿರಿಯೂರಿನ ಆಸ್ಪತ್ರೆಗೇ ಹೋಗಲಿ, ಜಿಲ್ಲಾಸ್ಪತ್ರೆಗೇ ಹೋಗಲಿ, ಹಳೆಯ ಚೀಟಿ, ಖಾಲಿ ಹಾಳೆ, ಯಾವ ರಾತ್ರಿ ಎಷ್ಟು ನುಂಗಿ ಎಷ್ಟು ಹೊತ್ತು ನಿದ್ರೆ ಬಂತೆಂದು ಕ್ಯಾಲೆಂಡರಿನ ಮೇಲೆ ಗೀಚಿದ ಗುರುತುಗಳು ಜೊತೆಗಿದ್ದರೆ, ಮುಂದಿನ ತಿಂಗಳ ಪ್ರಮಾಣವನ್ನು ವೈದ್ಯರು ಊಹೆಯಿಂದ ನಿರ್ಧರಿಸಬೇಕಾಗುವುದಿಲ್ಲ.